‘ಆಂಡರ್ಸೆನ್’: ಪಿತೃನಾಮದಿಂದ ಕುಲನಾಮಕ್ಕೆ

ಡ್ಯಾನಿಶ್ ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸೆನ್ (1805–1875) ಅವರ ಹೆಸರಿನ ಕೊನೆಯ ಪದವನ್ನು ‘ಆಂಡರ್ಸನ ಮಗ’ ಎಂದು ಬಿಡಿಸಬಹುದು. ‘ಆಂಡರ್ಸ್’ ಎಂಬುದು ಗ್ರೀಕಿನ ‘ಆಂಡ್ರೆಯಾಸ್’ ಎಂಬ ಹೆಸರಿನ ಸ್ಕ್ಯಾಂಡಿನೇವಿಯನ್ ರೂಪ. ಅದರ ಮೂಲದಲ್ಲಿರುವುದು ‘ಪುರುಷ’ ಎಂಬರ್ಥದ ಪದ. ‘ಸೆನ್’ ಎಂದರೆ ಮಗ. ಸ್ವೀಡಿಶ್‌ನಲ್ಲಿ ಇದು ‘ಸೊನ್’. (ಕನ್ನಡದಲ್ಲಿ ಎರಡನ್ನೂ ‘ಸನ್’ ಎಂದೇ ಬರೆದರೆ ಈ ಭೇದ ಅಳಿಸಿಹೋಗುತ್ತದೆ.) ಮಗಳಾದರೆ ‘ಆಂಡರ್ಸ್‌ಡಾಟರ್’.

ಪದನಿಷ್ಪತ್ತಿಯ ಮಟ್ಟಿಗೆ ಇದು ಸರಿ. ವ್ಯಕ್ತಿಯ ಮಟ್ಟಿಗೆ ಅಲ್ಲ. ಓಡೆನ್ಸ್ ಪಟ್ಟಣದಲ್ಲಿ ಪಾದರಕ್ಷೆ ಹೊಲಿಯುತ್ತಿದ್ದ ಕಥೆಗಾರನ ತಂದೆಯ ಹೆಸರು ಹಾನ್ಸ್. ಆಂಡರ್ಸ್ ಎಂಬುದು ಅಜ್ಜನ ಹೆಸರು. ಹಳೆಯ ಪದ್ಧತಿಯಂತೆ ಮೊಮ್ಮಗನು ‘ಹಾನ್ಸೆನ್’ ಆಗಬೇಕಿತ್ತು. ಅಂದರೆ ಇಲ್ಲಿ ‘ಸೆನ್’ ಸಂಬಂಧವಾಚಕವಾಗಿ ಉಳಿಯದೆ ಮನೆತನದ ಗುರುತಾಗಿ ಘನೀಭವಿಸಿದೆ. ಡೆನ್ಮಾರ್ಕಿನ ಪ್ರಭುತ್ವ ಸ್ಥಿರ ಕುಲನಾಮವನ್ನು ವಿಧಿಸಿದ್ದು 1828ರ ಆಜ್ಞೆಯಲ್ಲಿ. ಈ ಮನೆಯಲ್ಲಿ ಬಳಕೆಯೇ ಆಜ್ಞೆಗಿಂತ ಮುಂದಿತ್ತು. ಸ್ವೀಡನ್ನಿನಲ್ಲಿ 1901ರಲ್ಲಿ, ನಾರ್ವೆಯಲ್ಲಿ 1923ರಲ್ಲಿ ಇಂಥವೇ ಕಾನೂನುಗಳು ಬಂದವು. ಹೆಸರು ಸ್ಥಿರಗೊಂಡ ಮೇಲೆ ಹೆಣ್ಣುಮಕ್ಕಳೂ ‘ಮಗ’ ಎಂಬರ್ಥದ ಪದವನ್ನೇ ಹೊತ್ತರು. ವಾಚ್ಯಾರ್ಥ ಸತ್ತಿತೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಐಸ್‌ಲ್ಯಾಂಡ್ ಮಾತ್ರ ಬೇರೆ. 1980ರಿಂದ 1996ರವರೆಗೆ ಅಲ್ಲಿ ಅಧ್ಯಕ್ಷೆಯಾಗಿದ್ದ ವಿಗ್ದೀಸ್ ಫಿನ್‌ಬೋಗಾದೋತ್ತಿರ್ ಅವರು ಅಕ್ಷರಶಃ ಫಿನ್‌ಬೋಗಿಯ ಮಗಳು.