ಬೇಸಿಗೆಯ ತಾಪ ಮತ್ತು ಹಾಲು ಕರೆಯುವ ಹಸು: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಲೇಖನ

ಮಾರ್ಚ್‌ನಿಂದ ಮೇ ತಿಂಗಳವರೆಗೆ ಡೇರಿಗೆ ಬರುವ ಹಾಲು ಕಡಿಮೆಯಾದರೆ ಅದನ್ನು ಹಸಿರು ಮೇವಿನ ಕೊರತೆಯ ಲೆಕ್ಕಕ್ಕೆ ಬರೆಯುವುದು ರೂಢಿ. ಕೊರತೆ ನಿಜವೇ. ಆದರೆ ಮೇವು ಮುಂದಿದ್ದರೂ ಹಸು ಮುಟ್ಟದಿರುವುದಕ್ಕೆ ಕಾರಣ ಬೇರೆಯೇ ಇದೆ.

ರೂಮೆನ್ ಎಂಬ ದೊಡ್ಡ ಹೊಟ್ಟೆಯಲ್ಲಿ ಮೇವು ಹುದುಗುವಾಗ ಶಾಖ ಹುಟ್ಟುತ್ತದೆ. ಹೆಚ್ಚು ತಿಂದು ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಈ ಶಾಖವೂ ಹೆಚ್ಚು. ಆದುದರಿಂದಲೇ ಎಚ್.ಎಫ್. ಮಿಶ್ರತಳಿಗೆ ಸುಮಾರು 25 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ತೊಂದರೆ ಆರಂಭವಾಗುತ್ತದೆ. ಹಳ್ಳಿಕಾರ್, ಮಲೆನಾಡು ಗಿಡ್ಡ ಮುಂತಾದ ನಾಟಿ ತಳಿಗಳು ಇದಕ್ಕಿಂತ ಹೆಚ್ಚಿನ ಬಿಸಿಲನ್ನು ತಾಳಬಲ್ಲವು. ಅವುಗಳ ಹಾಲಿನ ಪ್ರಮಾಣ ಕಡಿಮೆ ಇರುವುದೂ ಆ ಸಹನೆಗೆ ಒಂದು ಕಾರಣವೆಂಬುದನ್ನು ಮರೆಯಬಾರದು.

ಸೆಕೆ ಏರಿದಾಗ ಹಸು ಮೇವು ಬಿಟ್ಟು ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ. ಹೊಟ್ಟೆಯ ಹುಳಿಯನ್ನು ತಗ್ಗಿಸಬೇಕಾದ ಜೊಲ್ಲು ನೆಲದ ಪಾಲಾಗುವುದರಿಂದ ಜೀರ್ಣಕ್ರಿಯೆ ಕೆಡುತ್ತದೆ. ಹಾಲಿನ ಜಿಡ್ಡು ಮತ್ತು ಎಸ್.ಎನ್.ಎಫ್. ಇಳಿದು ಲೀಟರಿಗೆ ಸಿಗುವ ದರವೂ ಇಳಿಯುತ್ತದೆ. ಹಾಲಿನ ಇಳಿಕೆ ಬಿಸಿಲಿನ ದಿನವೇ ಕಾಣದೆ ಒಂದೆರಡು ದಿನ ತಡವಾಗಿ ಕಾಣುವುದರಿಂದ ರೈತರು ಹಿಂಡಿಯನ್ನೋ ಪಶು ಆಹಾರವನ್ನೋ ದೂರುತ್ತಾರೆ. ಬೆದೆಯ ಲಕ್ಷಣ ಮಂಕಾಗಿ ಗರ್ಭ ನಿಲ್ಲದಿರುವುದು ಇನ್ನೊಂದು ನಷ್ಟ. ಎಲ್ಲಕ್ಕಿಂತ ಹೆಚ್ಚಾಗಿ ಅಲಕ್ಷ್ಯಕ್ಕೊಳಗಾಗುವುದು ಹಾಲು ಬತ್ತಿಸಿದ ತುಂಬು ಗಬ್ಬದ ಹಸು. ಕಡೆಯ ಎರಡು ತಿಂಗಳು ಅದು ಬಿಸಿಲಿನಲ್ಲಿ ಬೆಂದರೆ ಕರುವಿನ ತೂಕವೂ ಮುಂದಿನ ಸೂಲಿನ ಹಾಲೂ ಕುಗ್ಗುತ್ತವೆ. ಹಾಲು ಕೊಡದ ಹಸುವನ್ನು ಬಯಲಿನಲ್ಲಿ ಕಟ್ಟುವ ಪದ್ಧತಿ ಈ ಕಾರಣದಿಂದ ದುಬಾರಿಯಾದುದು.

ತೊಂದರೆಯನ್ನು ಅಳೆಯಲು ಉಪಕರಣ ಬೇಡ. ನೆರಳಿನಲ್ಲಿ ನಿಂತ ಹಸುವಿನ ಪಕ್ಕೆಯ ಏರಿಳಿತವನ್ನು ಒಂದು ನಿಮಿಷ ಎಣಿಸಿದಾಗ 60 ದಾಟಿದರೆ ತಾಪದ ಬಾಧೆ ಇದೆಯೆಂದು ತಿಳಿಯಬೇಕು.

ಪಂಚಾಯಿತಿಯ ಕೆಲಸ ಮುಖ್ಯವಾಗಿ ನೀರಿನದು. ಬೇಸಿಗೆಯಲ್ಲಿ ಕರೆಯುವ ಹಸುವಿಗೆ ದಿನಕ್ಕೆ 70 ಲೀಟರ್ ಎಂದು ಹಿಡಿದರೂ 200 ಹಸುಗಳಿರುವ ಊರಿಗೆ 14,000 ಲೀಟರ್ ಬೇಕು. ಜನರ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಬೇಸಿಗೆಗೆ ಮುನ್ನವೇ ಕ್ರಿಯಾ ಯೋಜನೆಯಲ್ಲಿ ಇದನ್ನು ಬೇರೆಯಾಗಿ ಲೆಕ್ಕ ಹಾಕದಿದ್ದರೆ ಏಪ್ರಿಲ್‌ನಲ್ಲಿ ಜನರೂ ಜಾನುವಾರೂ ಒಂದೇ ಕೊಳವೆಬಾವಿಗೆ ಪೈಪೋಟಿ ನಡೆಸಬೇಕಾಗುತ್ತದೆ. ಗೋಕಟ್ಟೆಯ ಹೂಳೆತ್ತುವುದು, ಕುಡಿಯುವ ತೊಟ್ಟಿಗೆ ನೆರಳು ಮಾಡುವುದು ಇದರೊಡನೆ ಸೇರಬೇಕು. ಬಿಸಿಲಿಗೆ ಕಾದ ನೀರನ್ನು ಹಸು ಸಾಕಷ್ಟು ಕುಡಿಯುವುದಿಲ್ಲ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಶುಸಂಗೋಪನೆಯೂ ಮೇವೂ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಾಗಿ ಸೇರಿವೆ. ಜಾನುವಾರಿಗೆ ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮಾಲೀಕನ ಅಪರಾಧ.

ಹೊಸ ಕೊಟ್ಟಿಗೆಯ ಉದ್ದ ಪೂರ್ವ ಪಶ್ಚಿಮವಾಗಿರಲಿ. ಇಳಿಬಿಸಿಲು ಒಳಹೊಗುವುದು ತಪ್ಪುತ್ತದೆ. ತಗ್ಗಾದ ತಗಡಿನ ಮಾಡು ಹಸುವಿನ ಬೆನ್ನ ಮೇಲೆ ಕಾದ ಹೆಂಚಿದ್ದಂತೆ. ಅದರ ಮೇಲೆ ತೆಂಗಿನ ಗರಿ ಅಥವಾ ಭತ್ತದ ಹುಲ್ಲು ಹರಡಿದರೂ ಸಾಕಷ್ಟು ಉಪಶಮನವುಂಟು. ಮೈಗೆ ನೀರು ಹಾಕುವಾಗ ಗಾಳಿ ಆಡುವಂತಿರಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ, ವಿಶೇಷವಾಗಿ ಕರಾವಳಿಯ ಸೆಕೆಯಲ್ಲಿ, ಬರೀ ನೀರು ಚಿಮುಕಿಸಿದರೆ ತೇವ ಹೆಚ್ಚಿ ಬಾಧೆ ಇಮ್ಮಡಿಸುತ್ತದೆ. ಮೇವಿನ ಹೆಚ್ಚಿನ ಪಾಲನ್ನು ಬೆಳಗಿನ ಜಾವ ಮತ್ತು ರಾತ್ರಿ ನೀಡುವುದು ಉತ್ತಮ.

ಹಸು ಬಾಯಿ ತೆರೆದು ಏದುತ್ತಾ ಕುಸಿದರೆ ನೆರಳು ಮಾಡಿ, ತಲೆಗೂ ಮೈಗೂ ತಣ್ಣೀರು ಸುರಿದು, ಗಾಳಿ ಬೀಸಿ, ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕೂಡಲೇ ಕರೆ ಮಾಡಬೇಕು. ಈ ಸಂಖ್ಯೆಯನ್ನು ಡೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸತಕ್ಕದ್ದು.