ರಾಗಿಯ ತವರು: ಆಫ್ರಿಕಾ ಖಂಡದ ಚರಿತ್ರೆಯ ಒಂದು ಪಾಠ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳಲ್ಲಿ ರಾಗಿಯನ್ನು ಅರಿಯದ ಮನೆ ಯಾವದೂ ಇಲ್ಲ. ಮುದ್ದೆಯಿಲ್ಲದ ಊಟವನ್ನು ನಮ್ಮವರು ಊಟವೆಂದೇ ಎಣಿಸುವದಿಲ್ಲ. ಆದರೆ ಈ ರಾಗಿಯ ತವರು ಯಾವದೆಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಅದು ಸಿದ್ದರಬೆಟ್ಟದ ತಪ್ಪಲೂ ಅಲ್ಲ, ಭರತಖಂಡದ ಬೇರೆ ಯಾವ ಸ್ಥಳವೂ ಅಲ್ಲ. ಪೂರ್ವ ಆಫ್ರಿಕಾದಲ್ಲಿ ಐಥಿಯೋಪ್ಯದಿಂದ ಉಗಾಂಡದ ವರೆಗೆ ಹಬ್ಬಿರುವ ಎತ್ತರದ ನಾಡುಗಳಲ್ಲಿ ಅದು ಕಾಡುಹುಲ್ಲಾಗಿತ್ತು. ಅಲ್ಲಿಯ ಬೇಸಾಯಗಾರರು ಸಾವಿರಾರು ವರುಷಗಳ ಹಿಂದೆ ಅದನ್ನು ಆರಿಸಿ, ಬಿತ್ತಿ, ಪಳಗಿಸಿ ಧಾನ್ಯವನ್ನಾಗಿ ಮಾಡಿದರು. ಜೋಳವು ಸುಮಾರು 5000 ವರುಷಗಳ ಹಿಂದೆ ಈಗಿನ ಸುಡಾನ್ ದೇಶದ ಮೂಡಣ ಭಾಗದಲ್ಲಿಯೂ, ಸಜ್ಜೆಯು ಸುಮಾರು 4500 ವರುಷಗಳ ಹಿಂದೆ ಪಡುವಣ ಆಫ್ರಿಕಾದ ಮಾಲಿ ಸೀಮೆಯಲ್ಲಿಯೂ ಬೆಳೆಯಾದವು. ಅಲಸಂದೆಯೂ ಆ ಖಂಡದ ಕಾಳೇ.

ಈ ಸಂಗತಿಯನ್ನು ಮೊದಲು ಹೇಳಿದ್ದಕ್ಕೆ ಕಾರಣವುಂಟು. ಆಫ್ರಿಕಾದವರಿಗೆ ಚರಿತ್ರೆಯೇ ಇಲ್ಲ, ಪರರು ಹೋಗಿ ಕಲಿಸುವ ತನಕ ಅವರು ಏನನ್ನೂ ಅರಿಯದವರಾಗಿದ್ದರು ಎಂಬ ಮಾತು ಬಹುಕಾಲ ಪುಸ್ತಕಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ನಡೆದುಬಂತು. ನಮ್ಮ ನಾಡಿನಲ್ಲಿಯೂ ಊರ ಹೊರಗಣ ಕೇರಿಗಳವರ ಕುರಿತು ಇಂಥ ಮಾತನ್ನೇ ಆಡುತ್ತಿದ್ದರೆಂಬದು ಹಿರಿಯರಿಗೆ ಗೊತ್ತು. ಆದದರಿಂದ ಇದನ್ನು ದೂರದೇಶದ ಕಥೆಯೆಂದು ಓದದೆ, ಒಂದು ಜನವನ್ನು "ಚರಿತ್ರೆಯಿಲ್ಲದವರು" ಎಂದು ಕರೆಯುವದು ಹೇಗೆ ಉಂಟಾಗುವದೆಂದು ವಿಚಾರಿಸುತ್ತಾ ಓದೋಣ.

1. ಪರರು ಆಳುವದಕ್ಕೆ ಮುಂಚೆ

ಅಪೊಸ್ತಲರ ಕೃತ್ಯಗಳಲ್ಲಿ ರಥದೊಳಗೆ ಕೂತು ಓದುತ್ತಿದ್ದ ಐಥಿಯೋಪ್ಯದ ಕಂಚುಕಿಯನ್ನು ನಾವೆಲ್ಲರೂ ಬಲ್ಲೆವು. ಅವನ ರಾಣಿಯ ರಾಜ್ಯಕ್ಕೆ ನೈಲ್ ನದಿಯ ದಡದ ಮೆರೋವೆ ಎಂಬದು ರಾಜಧಾನಿಯಾಗಿತ್ತು. ಆ ಸ್ಥಳವು ಈಗ ಸುಡಾನಿನಲ್ಲಿದೆ. ಅಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳೂ ಸ್ವಂತ ಲಿಪಿಯೂ ಇದ್ದವು. ಈಗಿನ ಐಥಿಯೋಪ್ಯದಲ್ಲಿದ್ದ ಅಕ್ಸುಮ್ ರಾಜ್ಯದ ಅರಸನಾದ ಏಜಾನನು ಕ್ರಿ.ಶ. 4ನೆಯ ಶತಮಾನದಲ್ಲಿ ಕ್ರೈಸ್ತಮತವನ್ನು ಅಂಗೀಕರಿಸಿದನು. ರೋಮಿನಿಂದ ಆಗಸ್ಟೀನನು ಇಂಗ್ಲೆಂಡಿನ ಕೆಂಟ್ ಸೀಮೆಗೆ ಬೋಧಿಸಲು ಬಂದದ್ದು 597ರಲ್ಲಿ, ಅಂದರೆ ಅದಕ್ಕೆ ಇನ್ನೂರು ವರುಷಗಳಿಗೂ ತರುವಾಯ. ಪಡುವಣದ ಮಾಲಿ ರಾಜ್ಯದ ಮನ್ಸಾ ಮೂಸಾ ಎಂಬ ಅರಸನು 1324ರಲ್ಲಿ ಮಕ್ಕಾ ಯಾತ್ರೆಗೆ ಹೋಗುವಾಗ ಕೈರೋ ಪಟ್ಟಣದಲ್ಲಿ ಹಂಚಿದ ಬಂಗಾರದ ಸುದ್ದಿಯು ಯೂರೋಪಿನ ವರೆಗೂ ಮುಟ್ಟಿತು.

ತೆಂಕಣ ಆಫ್ರಿಕಾದಲ್ಲಿ ಮಹಾ ಜಿಂಬಾಬ್ವೆ ಎಂಬ ಹಾಳು ಪಟ್ಟಣವಿದೆ. ಮಧುಗಿರಿಯ ಬೆಟ್ಟದಂಥ ಗ್ರಾನೈಟ್ ಕಲ್ಲನ್ನು ಸೀಳಿ, ಗಾರೆಯಿಲ್ಲದೆ ಒಂದರ ಮೇಲೊಂದು ಇಟ್ಟು ಕಟ್ಟಿದ ಅದರ ಗೋಡೆಯು ಕೆಲವು ಕಡೆ 11 ಮೀಟರಿನಷ್ಟು ಎತ್ತರವಿರುವದು. 11ರಿಂದ 15ನೆಯ ಶತಮಾನದ ವರೆಗೆ ಅಲ್ಲಿ ಜನ ವಾಸವಾಗಿದ್ದರು. 1890ರ ತರುವಾಯ ಆ ದೇಶವನ್ನು ವಶಪಡಿಸಿಕೊಂಡ ಬಿಳಿಯರು, ಇದನ್ನು ಆಫ್ರಿಕಾದವರು ಕಟ್ಟಿರಲಾರರು, ಎಲ್ಲಿಂದಲೋ ಬಂದ ಬೇರೆ ಜನ ಕಟ್ಟಿರಬೇಕೆಂದು ಸಾರಿದರು. 1905ರಲ್ಲಿ ರಾಂಡಲ್ ಮ್ಯಾಕೈವರ್ ಎಂಬವರೂ, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಮ್ಸನ್ ಎಂಬ ವಿದ್ವಾಂಸೆಯೂ ನೆಲವನ್ನು ಅಗೆದು ಪರೀಕ್ಷಿಸಿ, ಕಟ್ಟಿದವರು ಆ ನಾಡಿನವರೇ ಎಂದು ತೋರಿಸಿಕೊಟ್ಟರು. ಹೀಗಿದ್ದರೂ 1970ರ ದಶಕದಲ್ಲಿಯೂ ಅಲ್ಲಿಯ ಬಿಳಿಯರ ಸರ್ಕಾರವು ಈ ಸತ್ಯವನ್ನು ಮರೆಮಾಚುವದಕ್ಕೆ ಯತ್ನಿಸಿತು. ಯಾಕೆ? ಕಟ್ಟಿದವರು ಅವರೇ ಎಂದು ಒಪ್ಪಿದರೆ, ಅವರ ಭೂಮಿಯನ್ನು ಯಾವ ನ್ಯಾಯದಿಂದ ಕಸಿದುಕೊಂಡಿರಿ ಎಂಬ ಪ್ರಶ್ನೆಯು ಏಳುವದು. ಮೊದಲು ಚರಿತ್ರೆಯನ್ನು ಅಲ್ಲಗಳೆದರೆ ಆ ಮೇಲೆ ಭೂಮಿಯನ್ನು ತೆಗೆದುಕೊಳ್ಳುವದು ಸುಲಭ.

2. ಸಮುದ್ರದ ಹಾದಿಯಲ್ಲಿ ಬಂದವರು

ನಮಗೆ ಮುಂಗಾರು ಮಳೆಯನ್ನು ತರುವ ಗಾಳಿಯೇ ಪೂರ್ವ ಆಫ್ರಿಕಾದ ಹಡಗುಗಳನ್ನು ಭರತಖಂಡದ ಕರಾವಳಿಗೆ ತರುತ್ತಿತ್ತು. ಚಳಿಗಾಲದ ಈಶಾನ್ಯ ಗಾಳಿಯು ಅವುಗಳನ್ನು ಹಿಂದಕ್ಕೆ ಒಯ್ಯುತ್ತಿತ್ತು. ಆ ಹಾದಿಯಲ್ಲಿ ದಂತ, ಬಂಗಾರ, ಬಟ್ಟೆ, ಮಣಿಗಳಲ್ಲದೆ ಮನುಷ್ಯರೂ ಸರಕಾಗಿ ಬಂದರು. ಅಂಥವರನ್ನು ದಖನ್ನಿನಲ್ಲಿ ಹಬ್ಶಿಗಳೆಂದು ಕರೆದರು. ಸುಮಾರು 1548ರಲ್ಲಿ ಐಥಿಯೋಪ್ಯದಲ್ಲಿ ಹುಟ್ಟಿ, ಎಳೆಯ ಪ್ರಾಯದಲ್ಲಿಯೇ ಗುಲಾಮನಾಗಿ ಮಾರಲ್ಪಟ್ಟ ಮಲಿಕ್ ಅಂಬರನು ಅಹಮದನಗರದ ರಾಜ್ಯವನ್ನು ನಡಿಸುವವನಾಗಿ, ಮೊಗಲರ ದಂಡನ್ನು ಬಹುಕಾಲ ತಡೆದು, 1626ರಲ್ಲಿ ತೀರಿಕೊಂಡನು. 1638ರಲ್ಲಿ ನಮ್ಮ ಶಿರಾ ಸೀಮೆಯು ಬಿಜಾಪುರದ ವಶವಾಯಿತಷ್ಟೆ. ಆಗ ಆಳುತ್ತಿದ್ದ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಇಖ್ಲಾಸ್ ಖಾನನೆಂಬ ಹಬ್ಶಿಯು ಪ್ರಬಲ ಮಂತ್ರಿಯಾಗಿದ್ದನು.

ಎಲ್ಲರಿಗೂ ಇಂಥ ಭಾಗ್ಯವಿರಲಿಲ್ಲ. ಪೋರ್ಚುಗೀಸರು ಮೊಜಾಂಬಿಕ್ ಮೊದಲಾದ ಸ್ಥಳಗಳಿಂದ ಗೋವೆಗೆ ಗುಲಾಮರನ್ನು ತಂದರು. ಅವರಲ್ಲಿ ತಪ್ಪಿಸಿಕೊಂಡವರು ಘಟ್ಟದ ಕಾಡುಗಳಲ್ಲಿ ಅಡಗಿ ನೆಲೆಸಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲಾ ಸೀಮೆಗಳ ಸಿದ್ದಿಗಳಲ್ಲಿ ಅನೇಕರು ಇಂಥವರ ಸಂತಾನದವರು. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಅನೇಕ ತಲೆಮಾರುಗಳು ಜಮೀನುದಾರರಲ್ಲಿ ಜೀತಮಾಡಿದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿಸಲ್ಪಟ್ಟರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕದ ವಿಧಾನ ಪರಿಷತ್ತಿನ ಸದಸ್ಯರಾದರು. ಸಿದ್ದರಬೆಟ್ಟದ ಸಿದ್ಧರಿಗೂ ಈ ಸಿದ್ದಿಗಳಿಗೂ ಹೆಸರಿನ ಹೋಲಿಕೆಯ ಹೊರತು ಸಂಬಂಧವಿಲ್ಲವೆಂಬದನ್ನು ವಾಚಕರು ನೆನಪಿನಲ್ಲಿಡಬೇಕು.

ಪಡುವಣ ಸಮುದ್ರದ ಕಡೆಯಲ್ಲಿಯೋ ಅನ್ಯಾಯವು ಇನ್ನೂ ಘೋರವಾಗಿತ್ತು. 16ರಿಂದ 19ನೆಯ ಶತಮಾನದ ವರೆಗೆ ಸುಮಾರು 125 ಲಕ್ಷ ಜನರನ್ನು ಅಮೇರಿಕಾ ಖಂಡಗಳಿಗೆಂದು ಹಡಗು ಹತ್ತಿಸಿದರು. ಅವರಲ್ಲಿ ಹೆಚ್ಚುಕಡಿಮೆ 18 ಲಕ್ಷ ಜನ ದಾರಿಯಲ್ಲಿಯೇ ಸತ್ತರು. ಹಿಡಿದು ಮಾರಿದವರಲ್ಲಿ ಆಫ್ರಿಕಾದ ಅರಸರೂ ಇದ್ದರು. ಕೊಂಡು ಸಾಗಿಸಿದವರೋ ಕ್ರೈಸ್ತನಾಮಧಾರಿಗಳಾದ ರಾಜ್ಯಗಳವರು. ಇದನ್ನು ಮುಚ್ಚುವದು ಸತ್ಯವಂತರಿಗೆ ತಕ್ಕದ್ದಲ್ಲ.

3. ಖಂಡವನ್ನು ಹಂಚಿಕೊಂಡದ್ದು

1884ರ ನವಂಬರದಿಂದ 1885ರ ಫೆಬ್ರವರಿಯ ವರೆಗೆ ಯೂರೋಪಿನ ರಾಜ್ಯಗಳು ಬರ್ಲಿನ್ ಪಟ್ಟಣದಲ್ಲಿ ಸಭೆಸೇರಿ, ಆಫ್ರಿಕಾವನ್ನು ವಶಮಾಡಿಕೊಳ್ಳುವದಕ್ಕೆ ನಿಯಮಗಳನ್ನು ಮಾಡಿದವು. ಯಾರ ಭೂಮಿಯೋ ಅವರಲ್ಲಿ ಒಬ್ಬನನ್ನಾದರೂ ಆ ಸಭೆಗೆ ಕರೆಯಲಿಲ್ಲ. 1896ರಲ್ಲಿ ಮೆನೆಲಿಕ್ ಚಕ್ರವರ್ತಿಯು ಅಡ್ವಾ ಎಂಬಲ್ಲಿ ಇಟಲಿಯ ಸೈನ್ಯವನ್ನು ಸೋಲಿಸಿ ಐಥಿಯೋಪ್ಯವನ್ನು ಉಳಿಸಿಕೊಂಡನು. 1914ರ ಹೊತ್ತಿಗೆ ಅದೂ ಲೈಬೀರಿಯವೂ ಮಾತ್ರ ಪರರಾಳಿಕೆಯ ಹೊರಗಿದ್ದವು.

ಆಳಿದ ರೀತಿಯು ಹೇಗೆಂದರೆ, ಅನೇಕ ಕಡೆಗಳಲ್ಲಿ ಗುಡಿಸಲೊಂದಕ್ಕೆ ಇಂತಿಷ್ಟು ಎಂದು ತೆರಿಗೆ ಹಾಕಿ ಅದನ್ನು ಹಣದಲ್ಲಿಯೇ ಕೇಳಿದರು. ಹಣಕ್ಕಾಗಿ ಗಂಡಸರು ಹೊಲಬಿಟ್ಟು ಬಿಳಿಯರ ತೋಟಗಳಿಗೂ ಗಣಿಗಳಿಗೂ ಹೋಗಬೇಕಾಯಿತು. ದಕ್ಷಿಣ ಆಫ್ರಿಕಾದಲ್ಲಿ 1913ರ ಭೂಕಾಯಿದೆಯು ಬಹುಸಂಖ್ಯಾತರಾದ ಆಫ್ರಿಕಾದವರಿಗೆ ದೇಶದ ಭೂಮಿಯಲ್ಲಿ ನೂರಕ್ಕೆ ಸುಮಾರು 7 ಪಾಲನ್ನು ಮಾತ್ರ ಬಿಟ್ಟಿತು. ಬೆಲ್ಜಿಯಮಿನ ಅರಸನಾದ ಲಿಯೊಪೋಲ್ಡನು ಕಾಂಗೋ ದೇಶವನ್ನು 1885ರಿಂದ 1908ರ ವರೆಗೆ ಸ್ವಂತ ಆಸ್ತಿಯಾಗಿ ಇಟ್ಟುಕೊಂಡು, ಬಲಾತ್ಕಾರದಿಂದ ರಬ್ಬರನ್ನು ಕೂಡಿಸಿದನು. ಕೈಗಳು ಕಡಿಯಲ್ಪಟ್ಟ ಜನರ ಛಾಯಾಚಿತ್ರಗಳನ್ನು ಆಲಿಸ್ ಹ್ಯಾರಿಸ್ ಎಂಬ ಮಿಶನರಿಯಮ್ಮನು ತೆಗೆದು ಲೋಕಕ್ಕೆ ತೋರಿಸಿದಳು. ಆದರೆ ಹೀಗೆ ಬಾಯಿಬಿಟ್ಟ ಮಿಶನರಿಗಳು ಕೆಲವರೇ, ಸುಮ್ಮನಿದ್ದವರು ಬಹುಮಂದಿ.

4. ಬಿಡುಗಡೆ

1957ರ ಮಾರ್ಚಿ 6ರಂದು ಘಾನಾ ಸ್ವತಂತ್ರವಾಯಿತು. 1960ನೆಯ ಒಂದೇ ವರುಷದಲ್ಲಿ 17 ದೇಶಗಳು ಬಿಡುಗಡೆ ಹೊಂದಿದವು. ಗೋವೆಯು 1961ರಲ್ಲಿ ಪೋರ್ಚುಗೀಸರಿಂದ ಬಿಡಿಸಲ್ಪಟ್ಟಿತು. ಮೊಜಾಂಬಿಕ್ ದೇಶವು ಅದೇ ದೊರೆತನದ ಕೆಳಗೆ ಇನ್ನೂ ಹೋರಾಡುತ್ತಿದ್ದು 1975ರಲ್ಲಿ ಸ್ವತಂತ್ರವಾಯಿತು. 1980ರಲ್ಲಿ ಬಿಡುಗಡೆ ಹೊಂದಿದ ಇನ್ನೊಂದು ದೇಶವು ಆ ಕಲ್ಲಿನ ಪಟ್ಟಣದ ಹೆಸರನ್ನೇ ಧರಿಸಿ ಜಿಂಬಾಬ್ವೆ ಎನ್ನಿಸಿಕೊಂಡಿತು. 1994ರ ಏಪ್ರಿಲಿನಲ್ಲಿ ದಕ್ಷಿಣ ಆಫ್ರಿಕಾದ ಸಕಲರೂ ಮೊದಲನೆಯ ಸಾರಿ ಮತಕೊಟ್ಟು, ಮೆಥೊಡಿಸ್ಟ್ ಮಿಶನ್ ಶಾಲೆಗಳಲ್ಲಿ ಓದಿದ್ದ ನೆಲ್ಸನ್ ಮಂಡೇಲಾ ಅವರ ಪಕ್ಷವನ್ನು ಆರಿಸಿದರು.

ಬಿಡುಗಡೆಯಿಂದ ಎಲ್ಲಾ ಕಷ್ಟಗಳೂ ತೀರಲಿಲ್ಲ. ಪರರು ಎಳೆದ ಗಡಿಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ನೈಜೀರಿಯದಲ್ಲಿ 1967ರಿಂದ 1970ರ ವರೆಗೆ ಅಂತರ್ಯುದ್ಧವಾಯಿತು. ಆದರೂ ತಮ್ಮ ಪಾಠಪುಸ್ತಕವನ್ನು ತಾವೇ ಬರೆಯುವ ಹಕ್ಕು ಅವರಿಗೆ ಬಂತು, ಮತ್ತು ಅದು ಅಲ್ಪವಾದದ್ದಲ್ಲ.

ಆದದರಿಂದ ಯಾರಾದರೂ ಒಂದು ಜನವನ್ನು ತೋರಿಸಿ, ಇವರ ಪಿತೃಗಳು ಏನನ್ನೂ ಮಾಡಲಿಲ್ಲವೆಂದು ಹೇಳಿದರೆ, ಹಾಗೆ ಹೇಳುವದರಿಂದ ಯಾರಿಗೆ ಲಾಭವೆಂದು ಮೊದಲು ವಿಚಾರಿಸಬೇಕು; ತರುವಾಯ ಹೊಲವನ್ನೂ ಕಲ್ಲನ್ನೂ ಊಟದ ತಟ್ಟೆಯನ್ನೂ ನೋಡಬೇಕು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ಹೊಲಗಳ ಯಾವ ಯಾವ ಬೆಳೆಗಳು ಆಫ್ರಿಕಾದಿಂದ ಬಂದವು?
2. ಮಹಾ ಜಿಂಬಾಬ್ವೆಯ ವಿಷಯದಲ್ಲಿ ಸುಳ್ಳು ಹೇಳಲು ಕಾರಣವೇನು?
3. ಗುಡಿಸಲ ತೆರಿಗೆಯಿಂದ ಒಕ್ಕಲು ಕೂಲಿಯಾದದ್ದು ಹೇಗೆ?
4. ನಮ್ಮ ಕೇರಿಯ ಹಿರಿಯರು ಕಟ್ಟಿದ, ತೋಡಿದ, ಬೆಳೆಸಿದ ಯಾವ ವಸ್ತುಗಳು ಇಂದಿಗೂ ಉಳಿದಿವೆ? ಅವರಿಂದಲೇ ಕೇಳಿ ಬರೆದಿಡಿರಿ.