ಹಸಿರು ಬಂದರೆ ಲೆಕ್ಕ ಸರಿಯೇ?

ಕಾಮರ್ಸ್ ಓದುವವರಿಗೆ ಪ್ರೋಗ್ರಾಮಿಂಗ್ ಯಾಕೆ ಎಂದು ಗೆಳೆಯರು ಕೇಳುತ್ತಾರೆ. ನಾನು ಮಾಡಿದ ಒಂದು ತಪ್ಪಿನ ಮೂಲಕ ಉತ್ತರ ಹೇಳುತ್ತೇನೆ.

ನಮ್ಮ ಅಬ್ಬಾ ಅವರದು ಚಿಕ್ಕ ಕಿರಾಣಿ ಅಂಗಡಿ. ಉದ್ರಿ ಬಾಕಿಯನ್ನು ಮೊಬೈಲಿನಲ್ಲೇ ನೋಡಲಿ ಎಂದು ರಜೆಯಲ್ಲಿ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಪುಟ ಬರೆದೆ. ಅದಕ್ಕೆ ಬಳಸಿದ್ದು 'ವೀಟ್' ಎಂಬ ಉಚಿತ ಸಲಕರಣೆ. 2020ರಲ್ಲಿ ಇವಾನ್ ಯೂ ಇದನ್ನು ಹೊರತಂದರು. ಫ್ರೆಂಚ್ ಭಾಷೆಯಲ್ಲಿ ವೀಟ್ ಎಂದರೆ 'ಬೇಗ'. ನಾವು ಕೋಡ್ ಬದಲಿಸಿ ಸೇವ್ ಮಾಡಿದ ಕೂಡಲೇ ಬ್ರೌಸರ್‌ನಲ್ಲಿ ಬದಲಾವಣೆ ಕಾಣುತ್ತದೆ. ಕೆಲಸ ಮುಗಿದ ಮೇಲೆ 'ಬಿಲ್ಡ್' ಆಜ್ಞೆ ಕೊಟ್ಟರೆ ಎಲ್ಲ ಫೈಲುಗಳನ್ನೂ ಅಡಕಗೊಳಿಸಿ 'ಡಿಸ್ಟ್' ಎಂಬ ಫೋಲ್ಡರಿನಲ್ಲಿ ಇಡುತ್ತದೆ.

ಇದರ ಜೊತೆಗಾರ 'ವೀಟೆಸ್ಟ್'. ಇದು ಕೋಡನ್ನು ಪರೀಕ್ಷಿಸುತ್ತದೆ. ಯಾವ ಲೆಕ್ಕ, ಯಾವ ಉತ್ತರ ಬರಬೇಕು ಎಂದು ನಾವು ಬರೆದಿಡಬೇಕು. ಉತ್ತರ ಹೊಂದಿದರೆ ಹಸಿರು, ಇಲ್ಲದಿದ್ದರೆ ಕೆಂಪು. ನಾನು ಬರೆದ ಪರೀಕ್ಷೆ: ಹಳೆ ಬಾಕಿ 5, ಇಂದಿನ ಸಾಮಾನು 40, ಒಟ್ಟು 45. ಹಸಿರು ಬಂತು. ಖುಷಿಯಿಂದ ಅಬ್ಬಾ ಅವರಿಗೆ ಕೊಟ್ಟೆ.

ಮರುದಿನ ಮನೆಕೆಲಸ ಮಾಡುವ ಒಬ್ಬ ಅಮ್ಮ ಬಂದರು. ಹಳೆ ಬಾಕಿ 5 ರೂಪಾಯಿ, ಅಂದಿನ ಸಾಮಾನು 40. ಪುಟ ತೋರಿಸಿದ್ದು 540! ಅವರು ಏನೂ ಮಾತಾಡದೆ ಸೆರಗಿನ ಗಂಟು ಬಿಚ್ಚಿ ಹಣ ಎಣಿಸತೊಡಗಿದರು. ಅಬ್ಬಾಗೆ ಅನುಮಾನ ಬಂದು ಹಳೆ ಪುಸ್ತಕ ತೆಗೆದು ನೋಡಿದರು, ಕ್ಷಮೆ ಕೇಳಿದರು. ನನಗೆ ಇಷ್ಟೇ ಹೇಳಿದರು: "ಬೇಟಾ, ಕಂಪ್ಯೂಟರ್ ಹೇಳಿದ್ದು ಅಂತ ಅವರು ಕೊಟ್ಟೇ ಬಿಡುತ್ತಿದ್ದರು."

ತಪ್ಪು ಎಲ್ಲಿತ್ತು? ಪುಟದ ಪೆಟ್ಟಿಗೆಯಲ್ಲಿ ನಾವು ಟೈಪ್ ಮಾಡಿದ್ದು ಜಾವಾಸ್ಕ್ರಿಪ್ಟ್‌ಗೆ ಅಕ್ಷರಗಳಾಗಿ ಸಿಗುತ್ತದೆ, ಸಂಖ್ಯೆಯಾಗಿ ಅಲ್ಲ. ಅಕ್ಷರಗಳ ನಡುವೆ ಕೂಡುವ ಚಿಹ್ನೆ ಇಟ್ಟರೆ ಅದು ಅಕ್ಕಪಕ್ಕ ಜೋಡಿಸುತ್ತದೆ. 5ರ ಪಕ್ಕ 40 ಇಟ್ಟರೆ 540. ಆದರೆ ಕಳೆಯುವ ಚಿಹ್ನೆ ಅವನ್ನು ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತದೆ. ಪುಟದಲ್ಲಿ ನಾನು ಹಣ ಜಮಾ ಮಾಡುವುದನ್ನಷ್ಟೇ ನೋಡಿದ್ದೆ. ಅಲ್ಲಿ ಕಳೆಯುವ ಲೆಕ್ಕ, ಆದ್ದರಿಂದ ತಪ್ಪು ಕಾಣಲಿಲ್ಲ. ಪರೀಕ್ಷೆಯಲ್ಲಿ ಕೊಟ್ಟಿದ್ದು ಶುದ್ಧ ಸಂಖ್ಯೆಗಳನ್ನು. ಅಂಗಡಿಯಲ್ಲಿ ಬಂದದ್ದು ಅಕ್ಷರಗಳು.

ಇದು ನಮ್ಮ ತಾಳೆ ಪಟ್ಟಿಯ ಪಾಠವೇ. ಒಂದು ವ್ಯವಹಾರವನ್ನು ಬರೆಯುವುದನ್ನೇ ಪೂರ್ತಿ ಮರೆತರೂ ತಾಳೆ ಪಟ್ಟಿಯ ಎರಡು ಬದಿ ಸಮವಾಗಿಯೇ ಬರುತ್ತವೆ. ಹಸಿರು ಬಣ್ಣವೂ ಹಾಗೆಯೇ. ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ.

ನಾನು ಕಲಿತದ್ದು ಇಷ್ಟು:

1. ಬರಬೇಕಾದ ಉತ್ತರವನ್ನು ಮೊದಲು ಕೈಯಲ್ಲಿ ಲೆಕ್ಕ ಹಾಕಿ ಬರೆಯಿರಿ.
2. ಬಳಸುವವರಿಂದ ಮಾಹಿತಿ ಯಾವ ರೂಪದಲ್ಲಿ ಬರುತ್ತದೋ ಅದೇ ರೂಪದಲ್ಲಿ ಪರೀಕ್ಷೆಗೆ ಕೊಡಿ. ಖಾಲಿ ಪೆಟ್ಟಿಗೆಯನ್ನೂ ಪರೀಕ್ಷಿಸಿ.
3. ಹಣವನ್ನು ಪೈಸೆಯಲ್ಲಿ, ಪೂರ್ಣ ಸಂಖ್ಯೆಯಾಗಿ ಇಡಿ. ಜಾವಾಸ್ಕ್ರಿಪ್ಟ್‌ನಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ.
4. ತಪ್ಪು ಸಿಕ್ಕಿದರೆ ಮೊದಲು ಅದಕ್ಕೊಂದು ಪರೀಕ್ಷೆ ಬರೆದು ಕೆಂಪು ನೋಡಿ, ಆಮೇಲೆ ತಿದ್ದಿ.

ನಾನೂ ಹಾಗೆಯೇ ಮಾಡಿದೆ. ಕೂಡುವ ಮೊದಲು ಅಕ್ಷರಗಳನ್ನು ಸಂಖ್ಯೆಯಾಗಿ ಬದಲಿಸಿದ ಮೇಲೆ ಕೆಂಪು ಹಸಿರಾಯಿತು. ಆದರೂ ಅಬ್ಬಾ ಇನ್ನೊಂದು ತಿಂಗಳು ಪುಸ್ತಕದಲ್ಲೂ ಬರೆಯುತ್ತಾರಂತೆ. ಪ್ರತಿ ರಾತ್ರಿ ಎರಡನ್ನೂ ತಾಳೆ ನೋಡುವುದು ನನ್ನ ಕೆಲಸ.